ಬೀಗಿತ್ತಿ ತಂದ ಚಿತ್ರದ ಪುಸ್ತಕ

ಹೊಲಿಗೆ ಅಂಗಡಿಯ ಹಿಂದಿನ ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮಗನೇ,

ಹೇಗಿದ್ದೀಯಾ? ಕೆಮ್ಮು ಹೋಯಿತೇ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯಾ? ಕೋಪ ನೆತ್ತಿಗೇರಿದ್ದರೂ ಇಷ್ಟನ್ನು ಕೇಳದೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಕೇಳಿಯಾಯಿತು. ಇನ್ನು ಬೈಗುಳ.

ನಿನ್ನೆ ನಿನ್ನ ಭಾವೀ ಅತ್ತೆ ಅಂಗಡಿಗೆ ಬಂದಿದ್ದರು, ಕೈಯಲ್ಲಿ ಎಳೆಮಕ್ಕಳ ಚಿತ್ರದ ಪುಸ್ತಕ. ಒಂದೊಂದೇ ಚಿತ್ರ ಮುಟ್ಟಿ, ಬಾಯಿ ಇಷ್ಟಗಲ ತೆರೆದು, ಈ ದೇಶದ ಭಾಷೆಯಲ್ಲಿ ನನಗೆ ಸೇಬು, ಬೆಕ್ಕು, ಚೆಂಡು ಹೇಳಿಕೊಟ್ಟರು. ನಾನು ಕತ್ತರಿ ಹಿಡಿದುಕೊಂಡೇ ಕಣ್ಣುಕಣ್ಣು ಬಿಟ್ಟೆ. ಆಮೇಲೆ ಅಳತೆ ಚೀಟಿಯ ಹಿಂದೆ, ಅವರದೇ ಭಾಷೆಯಲ್ಲಿ, 'ನನಗೆ ಭಾಷೆ ಬರುತ್ತದೆ, ಕಿವಿ ಕೇಳುವುದಿಲ್ಲ' ಎಂದು ಬರೆದು ಮುಂದಿಟ್ಟೆ. ಪಾಪ, ಆ ಹೆಂಗಸಿನ ಮುಖ ಕೆಂಪಾಯಿತು. ಅಮ್ಮನಿಗೆ ಇಲ್ಲಿನ ಭಾಷೆ ಇನ್ನೂ ಬಂದಿಲ್ಲ, ಅದಕ್ಕೇ ಮಾತಾಡುವುದಿಲ್ಲ ಅಂದಿದ್ದೆಯಂತೆ ನೀನು! ಯಾಕೆ ಹಾಗಂದ ಎಂದು ಅವರು ಬರೆದು ಕೇಳಿದರು. ಏನೆಂದು ಬರೆಯಲಿ?

ಕೈಕೂಸಾಗಿದ್ದ ನಿನ್ನನ್ನು ಎತ್ತಿಕೊಂಡು ಈ ದೇಶಕ್ಕೆ ಬಂದವಳು ನಾನು. ಗಿರಾಕಿಗಳು ಬರೆದುಕೊಟ್ಟ ಅಳತೆ, ತಕರಾರು ಓದಿ ಓದಿಯೇ ಈ ಭಾಷೆ ಕಲಿತೆ. ನಿನ್ನ ಶಾಲೆಗೆ ರಜಾಚೀಟಿ ಬರೆಯುತ್ತಿದ್ದದ್ದು ಯಾರು, ಪಕ್ಕದ ಮನೆಯವರೇ? ಹೊರಗಿನವಳು ಅನ್ನಿಸಿಕೊಳ್ಳಬಾರದೆಂದು ಇಷ್ಟು ವರ್ಷ ಹೆಣಗಿದ್ದೇನೆ. ಕಿವುಡಿ ಎನ್ನಲು ನಾಚಿ, ನೀನೇ ನನ್ನನ್ನು ಮತ್ತೆ ಹೊರಗಿನವಳನ್ನಾಗಿ ಮಾಡಿದೆ.

ಬಾಯಿ ಬರುವ ಮೊದಲೇ ಕೈಯಲ್ಲಿ ಮಾತಾಡಿದವನು ನೀನು. ಹಾಲು ಬೇಕಾದರೆ ಪುಟ್ಟ ಮುಷ್ಟಿ ಹಿಚುಕುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರ ಮೂಗಿಗೆ ತಗಲುವಷ್ಟು ಹರಟೆ! ಕಳೆದ ಸಲ ಬಂದಾಗ ಬೀದಿಗಿಳಿದ ಕೂಡಲೇ ಎರಡೂ ಕೈ ಜೇಬಿಗೆ ಇಳಿಸಿದೆ. ಚಳಿಯಿರಬೇಕು ಅಂದುಕೊಂಡೆ, ಪೆದ್ದಿ ನಾನು. ನಮ್ಮ ಮನೆಯಲ್ಲಿ ಜೇಬಿಗೆ ಕೈ ಹಾಕುವುದೆಂದರೆ ಮಾತು ಬಿಟ್ಟ ಹಾಗೆ ಅಲ್ಲವೇ? ಜಗಳವಾಡಿ ನಿನ್ನಪ್ಪ ಹಾಗೆ ನಿಂತರೆ ನಾನು ಕೈಗಳನ್ನು ಎಳೆದು ಹೊರಗೆ ತೆಗೆಯುತ್ತಿದ್ದೆ, ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಬೀಗಿತ್ತಿ ಹೋಗುವ ಮುಂಚೆ ಏನು ಮಾಡಿದರು ಗೊತ್ತೇ? ನಿಮ್ಮಲ್ಲಿ 'ಮಗಳು' ಎನ್ನುವುದು ಹೇಗೆ ಎಂದು ಕೇಳಿ, ಕೈಯಲ್ಲಿ ಹೇಳಲು ಕಲಿತುಕೊಂಡು ಹೋದರು. ಬೆರಳು ಇನ್ನೂ ಸೊಟ್ಟ, ಆದರೆ ನಾಚಿಕೆಯಿಲ್ಲ.

'ಹೋಗ್ಲಿ ಬಿಡೇ, ಮದುವೆ ಹೊತ್ತಲ್ಲಿ ಯಾಕೆ ರಗಳೆ' ಅನ್ನುತ್ತಿದ್ದಾರೆ ನಿನ್ನಪ್ಪ. ನಾನು ಬಿಡುವವಳಲ್ಲ. ಅಷ್ಟು ಜನರ ನಡುವೆ ಯಾರು ಏನಂದರು, ಯಾಕೆ ನಕ್ಕರು ಎಂದು ತಿಳಿಯದೆ ಗೋಡೆ ನೋಡುತ್ತಾ ಕೂರಲು ನಾನು ಬರುವುದಿಲ್ಲ. ಎಲ್ಲರೆದುರು ನೀನೇ ನಿಂತು, ನಿನ್ನ ಕೈಯಿಂದಲೇ ನನಗೆ ಹೇಳಬೇಕು. ಹೇಳುವುದಾದರೆ ಬರುತ್ತೇನೆ.

ಬೈದದ್ದೇನೋ ಬೈದೆ, ಆದರೂ ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ. ಹುಡುಗಿಯನ್ನು ಕೇಳಿದೆನೆಂದು ಹೇಳು.

ಇತಿ,
ನಿನ್ನ ಕಿವುಡಿ ಅಮ್ಮ

ತಾ.ಕ.: ಮರೆತಿದ್ದೆ. ಮದುವೆಯ ಕೋಟು, ಪ್ಯಾಂಟು ಹೊಲಿದು ಮುಗಿಸಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ. ತೋಳು ಬಿಗಿಯಾದರೆ ಹೇಳು, ಬಿಚ್ಚಿ ಸರಿಮಾಡಬಹುದು. ಜೇಬುಗಳಿಗೆ ಮಾತ್ರ ಮೇಲಿನ ಪಟ್ಟಿ ಅಷ್ಟೇ ಹೊಲಿದಿದ್ದೇನೆ, ಒಳಗೆ ಚೀಲವಿಲ್ಲ. ತಡಕಾಡಬೇಡ.