ಮೊಹಿದ್ದೀನನ ಅಳತೆ

ಶಿರಾ, ೧೪ ನವೆಂಬರ್ ೨೦೨೪, ಗುರುವಾರ ರಾತ್ರಿ

ಘನ ಸಭೆಗೆ ಈ ದರ್ಜಿಯ ಸಲಾಂ. ಬೆಳಗಿನಿಂದ ನನ್ನ ತಲೆ ಬಟ್ಟೆಚೂರಿನ ಮೂಟೆಯಾಗಿತ್ತು. ಮಧ್ಯಾಹ್ನ ಅಂಗಡಿಯಲ್ಲೇ ಕೂತು ಒಂದೊಂದೇ ಚಿಂತೆಯನ್ನು ಕಾಗದಕ್ಕಿಳಿಸಿದೆ. ಕತ್ತರಿ ಮೊಂಡಾಗಿದೆ, ಮಂಡಿ ಊದಿ ದಿಂಡಾಗಿದೆ. ಮಷೀನಿಗೆ ಎಣ್ಣೆಯಿಲ್ಲ, ಮನೆಯಲ್ಲಿ ಬೆಣ್ಣೆಯಿಲ್ಲ. ನಾಲ್ಕಕ್ಕೂ ಪ್ರಾಸ ಸಿಕ್ಕಿತು. ಐದನೆಯದಾಗಿ ‘ನಾಳೆ ನವಾಜನ ನಿಕಾಹ್, ಶೇರ್ವಾನಿ ಕೊಡಬೇಕು’ ಎಂದು ಬರೆದಾಗ ಪೆನ್ನು ನಿಂತಿತು.

ಅಳತೆ ಪುಸ್ತಕ ತೆಗೆದೆ. ನಾನು ಬಟ್ಟೆ ಕತ್ತರಿಸಿದ್ದು ನವಾಜನ ಪುಟ ಬಿಟ್ಟು ಎದುರಿನ ಪುಟ ನೋಡಿ. ಅದು ಅವನಪ್ಪ, ನನ್ನ ಗೆಳೆಯ ಮೊಹಿದ್ದೀನನ ಅಳತೆ. ಅವನು ತೀರಿಕೊಂಡು ಮೂರು ವರ್ಷವಾದರೂ ಆ ಪುಟ ಹರಿಯಲು ಮನಸ್ಸು ಬಂದಿಲ್ಲ.

ತಕ್ಷಣ ನವಾಜನನ್ನು ಕರೆಸಿದೆ. ಅವನು ಶೇರ್ವಾನಿ ತೊಟ್ಟು, ಗುಂಡಿ ಹಾಕಿ, ಭುಜ ಕುಣಿಸಿದ.

“ಮೈಗೆ ಅಂಟ್ದಂಗೆ ಕೂತದೆ ಚಾಚಾ. ನೀವ್ಯಾಕೆ ಇಂಗೆ ಬೆವೀತಿದ್ದೀರಾ?”

“ಅದು ನಿಮ್ಮಪ್ಪನ ಅಳತೆ ಕಣ್ಲಾ.”

ಅವನು ಕನ್ನಡಿಯತ್ತ ತಿರುಗಿ ಎರಡೂ ತೋಳು ಸವರಿಕೊಂಡ. ಆಮೇಲೆ, “ಅಂಗಾದ್ರೆ ಬಿಚ್ಚಲ್ಲ ಬುಡಿ” ಎಂದು ತೊಟ್ಟುಕೊಂಡೇ ಮನೆಗೆ ಹೋದ.

ಈಗ ತಲೆ ಹಗುರಾಗಿದೆ, ಆಕಳಿಕೆ ಬರುತ್ತಿದೆ. ಸಭೆಯೂ ಇಲ್ಲ, ಗಿಭೆಯೂ ಇಲ್ಲ. ಮೊಹಿದ್ದೀನ, ಇಷ್ಟೂ ನಿನಗೇ ಹೇಳಿದ್ದು ಕಣೋ.