ತಟ್ಟೆಗಳೆಲ್ಲ ಖಾಲಿ

ಶಾಲೆಯ ಅಡುಗೆಮನೆ
ಸೋಮವಾರ, ಮಾರ್ಚ್ ೩

ಮುದ್ದು ಮಗಳೇ,

ಹೇಗಿದ್ದೀಯ? ಮಕ್ಕಳ ಊಟದ ಯೋಜನೆ ಮಾಡುವವಳು ಮಧ್ಯಾಹ್ನ ತಾನೇ ಊಟ ಬಿಡುತ್ತಾಳೆಂದು ಅಳಿಯಂದಿರು ದೂರು ಹೇಳಿದರು. ಬೈಯಬೇಕಿತ್ತು. ಆದರೆ ಇವತ್ತು ಬೈಸಿಕೊಳ್ಳುವ ಸರದಿ ನನ್ನದು.

ಕೇಂದ್ರ ಕಚೇರಿಯಲ್ಲಿ ನೀನು ಬರೆದ ಅಡುಗೆ ಪಟ್ಟಿಯನ್ನು, ಅಡುಗೆಗೆ ಅಮ್ಮನಿದ್ದಾಳೆಂಬ ಧೈರ್ಯಕ್ಕೆ, ನೀನು ಮೊದಲು ನಮ್ಮ ಶಾಲೆಯಲ್ಲೇ ಪರೀಕ್ಷೆಗಿಟ್ಟೆ. ವಾರ ವಾರ ನಾನು ಕಳಿಸಿದ ವರದಿಯಲ್ಲಿ ಒಂದೇ ಮಾತು: ತಟ್ಟೆಗಳೆಲ್ಲ ಖಾಲಿ. ಅದನ್ನು ನಂಬಿ ಮುಂದಿನ ತಿಂಗಳಿಂದ ಕಡಲತೀರದ ಮುನ್ನೂರು ಶಾಲೆಗಳಿಗೂ ಅದೇ ಪಟ್ಟಿ ಹೋಗುತ್ತದಂತೆ. ಕೇಳಿದವಳೇ ಈ ಪತ್ರ ಬರೆಯಲು ಕೂತೆ.

ತಟ್ಟೆಗಳು ಖಾಲಿಯಾಗಿದ್ದು ನಿಜ. ಖಾಲಿ ಮಾಡಿದವಳು ನಾನು. ನಮ್ಮ ಬಾವಿಯದು ಉಪ್ಪು ನೀರು, ಪಟ್ಟಿಯ ಪ್ರಕಾರ ನೀವು ಕಳಿಸುವ ಒಣಕಾಳು ಅದರಲ್ಲಿ ಬೇಯುವುದಿಲ್ಲ. ಹಿಂದಿನ ದಿನವೇ ನೆನೆಹಾಕಿದೆ, ಸೋಡಾ ಹಾಕಿದೆ. ಅಡುಗೆಮನೆಯ ನನ್ನ ಜೊತೆಯವಳು ಸೌದೆ ಒಟ್ಟಿ ಒಟ್ಟಿ ಸುಸ್ತಾದಳು. ಜಪ್ಪಯ್ಯ ಎಂದರೂ ಮೆತ್ತಗಾಗಲಿಲ್ಲ. ಮಕ್ಕಳು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಉಳಿದದ್ದನ್ನು ಬಾತುಕೋಳಿಗಳಿಗೆ ಸುರಿದು ನಾನು ವರದಿ ಬರೆಯುತ್ತಿದ್ದೆ. ನಿನ್ನ ಮೊದಲ ಯೋಜನೆ, ನಿನಗೆ ಕೆಟ್ಟ ಹೆಸರು ಬರಬಾರದೆಂಬ ಆಸೆ. ಈಗ ನಾಚಿಕೆಯಾಗುತ್ತದೆ.

ಹೋದ ಗುರುವಾರ ಮೀನುಗಾರನ ಮಗಳು, ಮೂರನೇ ತರಗತಿಯವಳು, ಪಾಠದ ನಡುವೆ ತಲೆ ಸುತ್ತಿ ಬಿದ್ದಳು. ಎತ್ತಿಕೊಂಡರೆ ಮೈಯಲ್ಲಿ ಭಾರವೇ ಇಲ್ಲ. ಯಾಕೆ ಪುಟ್ಟಿ ಊಟ ಮಾಡಲ್ಲ ಅಂತ ಕೇಳಿದೆ. ಆ ಕಾಳು ತಿಂದ್ರೆ ಹೊಟ್ಟೆ ನೋಯುತ್ತೆ ಅಜ್ಜಿ, ನೀವು ಬೇಜಾರು ಮಾಡ್ಕೋತೀರ ಅಂತ ಹೇಳಲಿಲ್ಲ ಅಂದಳು.

ಮರುದಿನ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಅವಳಪ್ಪನ ದೋಣಿಯ ಸಣ್ಣ ಮೀನು, ಶಾಲೆಯ ಹಿತ್ತಲಿನ ಗೆಣಸು, ಒಂದಿಷ್ಟು ಸೊಪ್ಪು. ಇವೆಲ್ಲ ನಮ್ಮ ನೀರಿನಲ್ಲಿ ಬೇಯುತ್ತವೆ. ಮಕ್ಕಳು ಎರಡನೇ ಸಲ ಬಡಿಸಿಕೊಂಡರು.

ಮಗಳೇ, ಆ ಪಟ್ಟಿಯನ್ನು ತಡೆ. ನಿಮ್ಮ ನೀರು ಎಂಥದ್ದು, ಹತ್ತಿರದಲ್ಲಿ ಏನು ಸಿಗುತ್ತದೆ, ಮಕ್ಕಳು ಏನನ್ನು ಬಿಡುತ್ತಾರೆ ಎಂದು ಒಂದೊಂದು ಶಾಲೆಯ ಅಡುಗೆಯವರನ್ನೂ ಕೇಳು. ಆಮೇಲೆ ಊರೂರಿಗೆ ಬೇರೆ ಪಟ್ಟಿ ಬರೆ. ಕೆಲಸ ಹೆಚ್ಚುತ್ತದೆ, ಮೇಲಿನವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ.

ನಿನಗೆ ಸುಳ್ಳು ಬರೆದ,
ಅಮ್ಮ

ಇನ್ನೊಂದು ಮಾತು: ನನ್ನನ್ನು ಉಳಿಸಲು ನೀನು ಈ ಪತ್ರವನ್ನು ಬಚ್ಚಿಡುತ್ತೀಯೆಂದು ಗೊತ್ತು, ನನ್ನ ಮಗಳಲ್ಲವೇ. ಅದಕ್ಕೇ ಇದರ ಪ್ರತಿಯನ್ನೂ ನನ್ನ ರಾಜೀನಾಮೆಯನ್ನೂ ಬೆಳಗಿನ ಅಂಚೆಯಲ್ಲೇ ನಿನ್ನ ಮೇಲಧಿಕಾರಿಗೆ ಕಳಿಸಿದೆ. ಸೌಟು ಜೊತೆಯವಳ ಕೈಗೆ ಕೊಟ್ಟಾಯಿತು. ಇವತ್ತು ಗೆಣಸು ಬೇಯಿಸಿದವಳು ಅವಳೇ. ತಟ್ಟೆಗಳೆಲ್ಲ ಖಾಲಿ.