ಹಾಜರಿಯಲ್ಲಿ ನಿನ್ನ ಹೆಸರು

ಎಸ್ಟೇಟ್ ಲೈನು, ಹೊಂಗಡಹಳ್ಳ
ಗುರುವಾರ, ೪-೧೨-೨೦೦೮

ಮಗ ರಾಜೇಶನಿಗೆ ನಿನ್ನ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಕೆಮ್ಮು ವಾಸಿಯಾಯಿತೋ ಇಲ್ಲವೋ? ಆಲೂರಿನಲ್ಲಿ ಭಾಷಣ ಮಾಡಿದ ದಿನ ನಿನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತೆಂದು ಸಂತೆಗೆ ಹೋಗಿದ್ದವರು ಬಂದು ಹೇಳಿದರು. ಮೈಕು ಇಟ್ಟುಕೊಂಡೂ ಅಷ್ಟು ಅರಚಬೇಕೇ? ಮೆಣಸು, ಜೀರಿಗೆ ಕುಟ್ಟಿ ಕಷಾಯ ಮಾಡಿಕೊಡಲು ಮಂಜುಶ್ರೀಗೆ ಹೇಳು. ಮೊಮ್ಮಗಳು ಗಗನಾಳಿಗೆ ಹಲ್ಲು ಬಿದ್ದಿದೆಯಂತೆ, ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಾಳಂತೆ, ಅವಳನ್ನು ಯಾರೂ ರೇಗಿಸಬೇಡಿ. ನನಗೆ ಮಂಡಿ ನೋವೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ. ಶಿಶುವಿಹಾರದಲ್ಲಿ ಮಕ್ಕಳಿಗೆ ಗಂಜಿ ಬೇಯಿಸಿ ಹಾಕುವುದು, ತೊಟ್ಟಿಲು ತೂಗುವುದು, ಅದೇ ಕೆಲಸ. ಫೋನು ಮಾಡಿದರೆ ನೀನು 'ಮೀಟಿಂಗಲ್ಲಿದೀನಿ ಕಣಮ್ಮ' ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೆಳಗೋಡಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ. ಕಾಗದವನ್ನು ಮಧ್ಯದಲ್ಲಿ ಯಾರೂ ಇಟ್ಟುಬಿಡಲು ಆಗುವುದಿಲ್ಲವಲ್ಲ.

ಈ ಸಲ ಕಾಫಿ ಹಣ್ಣು ಒಟ್ಟೊಟ್ಟಿಗೆ ಕೆಂಪಾಗಿದೆ. ಬೆಳಿಗ್ಗೆ ಏಳಕ್ಕೆ ಹಾಜರಿ. ನಿನಗೆ ಒಂದು ವಿಷಯ ಗೊತ್ತಿದೆಯೋ ಇಲ್ಲವೋ, ದಿನಾ ಬೆಳಿಗ್ಗೆ ಸ್ಟೋರಿನ ಮುಂದೆ ನಿನ್ನ ಹೆಸರು ಕೂಗುತ್ತಾರೆ. ನೀನು ಯೂನಿಯನ್ನು, ಆಮೇಲೆ ಪಾರ್ಟಿ ಎಂದು ಎಸ್ಟೇಟ್ ಬಿಟ್ಟು ಆರು ವರ್ಷವಾದರೂ ರೈಟರ್ ಗುಂಡಯ್ಯ ನಿನ್ನ ಹೆಸರು ಹೊಡೆದುಹಾಕಿಲ್ಲ. ಇಲ್ಲಿ ಮೊದಲಿನಿಂದಲೂ ಇರುವ ರೂಢಿ ಅದು. ಕೆಲಸ ಬಿಟ್ಟವನ ಹೆಸರಿಗೆ ಹೊಸಬನನ್ನು ನಿಲ್ಲಿಸುತ್ತಾರೆ, ಅದಕ್ಕೆ 'ಬದಲಿ' ಎನ್ನುತ್ತಾರೆ. ಹೊಸ ಹೆಸರು ಸೇರಿಸಬೇಕೆಂದರೆ ಆಫೀಸಿಗೆ ಹತ್ತು ಕಾಗದ ಹೋಗಬೇಕು, ಇದಾದರೆ ಪುಸ್ತಕದ ಅಂಚಿನಲ್ಲಿ ಅವನ ನಿಜವಾದ ಹೆಸರು, ಊರು ಕೆಂಪು ಶಾಯಿಯಲ್ಲಿ ಬರೆದರೆ ಮುಗಿಯಿತು. ನಿನ್ನ ಬದಲಿಯ ಹೆಸರು ಹಬಿಬುರ್. ಅಸ್ಸಾಮಿನ ಕಡೆಯವನು, ಇಪ್ಪತ್ತೈದು ದಾಟಿಲ್ಲ. ಹೆಂಡತಿ ಇದ್ದಾಳೆ, ಎಂಟು ತಿಂಗಳ ಹೆಣ್ಣುಕೂಸಿದೆ. ಅವಳು ಹಣ್ಣು ಕೊಯ್ಯಲು ಹೋದಾಗ ಕೂಸು ನನ್ನ ಮಡಿಲಿನಲ್ಲಿರುತ್ತದೆ.

ಮೊದಮೊದಲು ನಿನ್ನ ಹೆಸರಿಗೆ ಬೇರೆ ದನಿ 'ಬಂದೆ' ಎಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ದನಿ ಕೇಳದಿದ್ದರೆ ಗಂಜಿಯ ಪಾತ್ರೆ ಬಿಟ್ಟು ಹೊರಗೆ ಬಂದು ನೋಡುತ್ತೇನೆ. ಪಾಪ, ರಾಜೇಶ ಎಂದು ಎರಡು ಸಲ ಕೂಗಿದರೂ ಅವನಿಗೆ ತನ್ನನ್ನೇ ಎಂದು ತಿಳಿಯುವುದಿಲ್ಲ, ಪಕ್ಕದವರು ತಿವಿಯಬೇಕು. 'ಕಿವಿ ಕೇಳಾಕಿಲ್ವೇನೋ ನಿಂಗೆ' ಎಂದು ಗುಂಡಯ್ಯ ಬೈಯುತ್ತಾನೆ. ನನಗೆ ನಿಮ್ಮಪ್ಪನ ನೆನಪಾಗುತ್ತದೆ. ಅವರನ್ನೂ ಯಾರಾದರೂ ಹಿಂದಿನಿಂದ 'ಸೋಮಯ್ಯ' ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ನೀನು ಚಿಕ್ಕವನಿದ್ದಾಗ 'ಅಪ್ಪ ಕಿವುಡಪ್ಪ' ಎಂದು ಅಣಕಿಸಿ ಓಡಿಹೋಗುತ್ತಿದ್ದೆ, ಅವರು ನಗುತ್ತಿದ್ದರು. ಅವರು ಹೋಗಿ ಈ ಶಿವರಾತ್ರಿಗೆ ನಾಲ್ಕು ವರ್ಷವಾಗುತ್ತದೆ.

ಈಗ ಭಾನುವಾರದ ವಿಷಯ. ನೀನು ಜೀಪಿನಲ್ಲಿ ಜನ ಕರೆದುಕೊಂಡು ಬರುತ್ತೀಯಂತೆ. ಹಾಜರಿ ಪುಸ್ತಕಗಳನ್ನು ಪಲ್ಪರ್ ಮನೆಯ ಮುಂದಿನ ಕಣಕ್ಕೆ ತರಿಸಿ, ಎಲ್ಲರ ಎದುರಿಗೆ ಕೆಂಪು ಶಾಯಿಯ ಹೆಸರುಗಳನ್ನು ಓದಿಸುತ್ತೀಯಂತೆ. ಹೆಸರು ಬಂದವರು ಅಲ್ಲೇ ಲಾರಿ ಹತ್ತಬೇಕಂತೆ. ನಿನ್ನ ಬಲಗೈ ಬಸವಯ್ಯ ಲೈನಿನ ಮನೆ ಮನೆಗೂ ಹೇಳಿಕೊಂಡು ಬಂದಿದ್ದಾನೆ. ನೀನು ಆಲೂರಿನಲ್ಲಿ ಹೇಳಿದ್ದನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದಾನೆ. 'ಇನ್ನೊಬ್ರ ಹೆಸ್ರಲ್ಲಿ ಅನ್ನ ತಿನ್ನೋನು ಯಾವನೇ ಆಗ್ಲಿ, ಈ ಘಟ್ಟದಲ್ಲಿ ಉಳಿಯಾಕಿಲ್ಲ.' ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ ಕಣಪ್ಪ.

ನಿನ್ನ ಮಾತೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಪಕ್ಕದ ಮನೆಯ ಜಗದಾಂಬ ಇಪ್ಪತ್ತೆರಡು ವರ್ಷ ಇದೇ ತೋಟದಲ್ಲಿ ಹಣ್ಣು ಕೊಯ್ದವಳು. ಈ ವರ್ಷ ಅವಳಿಗೆ ವಾರಕ್ಕೆ ಮೂರು ದಿನ ಕೆಲಸ. ಹಬಿಬುರನ ಹಾಗೆ ಹೊರಗಿನಿಂದ ಬಂದ ಹೊಸ ಲೈನಿನವರು ಕಿಲೋ ಲೆಕ್ಕಕ್ಕೆ ಕಣ್ಣು ಕಾಣುವವರೆಗೂ ಕೊಯ್ಯುತ್ತಾರೆ, ಬೋನಸ್ಸು ಕೇಳುವುದಿಲ್ಲ, ರಜ ಕೇಳುವುದಿಲ್ಲ. ಅವಳಿಗೆ ಹೊಟ್ಟೆ ಉರಿಯದೆ ಇನ್ನೇನಾದೀತು? ಆದರೆ ಅವರನ್ನು ರೈಲು ಇಳಿಸಿಕೊಂಡು ಲಾರಿಯಲ್ಲಿ ತುಂಬಿ ತಂದವರು ಸಾಹುಕಾರರು. ಆ ಸಾಹುಕಾರರ ಹೆಸರು ನಿನ್ನ ಭಾಷಣದಲ್ಲಿ ಒಂದು ಸಲವೂ ಬರಲಿಲ್ಲವಂತೆ. ನಿಮ್ಮ ಜೀಪಿಗೆ ಡೀಸೆಲ್ ಹಾಕಿಸುವವರೂ ಅವರೇ ಎಂದು ಲೈನಿನಲ್ಲಿ ಮಾತಾಡಿಕೊಳ್ಳುತ್ತಾರೆ, ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸುತ್ತಾರೆ. ನಿನ್ನ ಹಳೆಯ ಯೂನಿಯನ್ನಿನವರು ಬಂದು 'ಅವರೂ ಕೂಲಿಯವರೇ, ಒಟ್ಟಿಗೆ ನಿಂತು ಸಂಬಳ ಕೇಳಿ' ಎಂದರು, ಕೇಳಲು ಹತ್ತು ಜನರೂ ಇರಲಿಲ್ಲ. ಇನ್ನೊಂದು ಪಾರ್ಟಿಯವರು ಹೊಸ ಲೈನಿನವರಿಗೆ ರೇಷನ್ ಕಾರ್ಡು, ವೋಟಿನ ಚೀಟಿ ಎಲ್ಲ ಮಾಡಿಸಿಕೊಡುತ್ತೇವೆಂದು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲ. ಆ ಫೋಟೋಗಳು ಈಗ ಬಸವಯ್ಯನ ಜೇಬಿನಲ್ಲಿವೆ. ಹೇಗೆ ಬಂದವು ಎಂದು ಯಾರೂ ಕೇಳುತ್ತಿಲ್ಲ.

ಟೀವಿಯಲ್ಲಿ ಬೊಂಬಾಯಿಯ ಹೋಟೆಲು ಹೊತ್ತಿ ಉರಿಯುವುದನ್ನು ನೋಡಿದ ಮೇಲಂತೂ ಜನ ಜನರಾಗಿ ಉಳಿದಿಲ್ಲ. ಸೋಮವಾರ ಯಾರೋ ಹೊಸ ಲೈನಿನ ನಲ್ಲಿಯನ್ನು ಕಲ್ಲಿನಿಂದ ಜಜ್ಜಿಹಾಕಿದರು. ಮಂಗಳವಾರ ಅಂಗಡಿಯಲ್ಲಿ ಅವರಿಗೆ ಸೀಮೆಎಣ್ಣೆ ಕೊಡಲಿಲ್ಲ. ಅವರ ಮಕ್ಕಳನ್ನು ಬೇರೆ ಚಾಪೆಯಲ್ಲಿ ಕೂರಿಸು ಎಂದು ಜಗದಾಂಬ ನನಗೇ ಹೇಳಿದಳು, ನಾನು ಆ ಕೂಸಿಗೆ ಹಾಲು ಕುಡಿಸುತ್ತಿರುವಾಗಲೇ. ಬುಧವಾರ ಎದ್ದು ನೋಡಿದರೆ ಅವರ ಹನ್ನೊಂದು ಬಾಗಿಲುಗಳ ಮೇಲೆ ಸುಣ್ಣದ ಗೀಟು. ಕಡಿಯುವ ಸಿಲ್ವರ್ ಮರಕ್ಕೆ ಕಂಟ್ರಾಕ್ಟರು ಗುರುತು ಹಾಕಿ ಹೋಗುತ್ತಾನಲ್ಲ, ಹಾಗೆ. ಹೆಂಗಸರು ಉಜ್ಜಿ ತೊಳೆದರು. ಇವತ್ತು ಮತ್ತೆ ಹಾಕಿದ್ದಾರೆ.

ಹಬಿಬುರ್ ನಿನ್ನೆ ಕೂಸನ್ನು ಕರೆದುಕೊಂಡು ಹೋಗಲು ಬಂದವನು ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಾಗದ ತೆಗೆದು ತೋರಿಸಿದ. ಅವನ ಊರಿನ ಶಾಲೆಯದಂತೆ. ಆ ಅಕ್ಷರ ಇಲ್ಲಿ ಯಾರಿಗೆ ಓದಲು ಬರುತ್ತದೆ? ಬಸವಯ್ಯ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ 'ಇದು ಬಾಂಗ್ಲಾದ್ದೇ ಕಣ್ಲಾ' ಎಂದನಂತೆ. 'ಅಮ್ಮ, ಐತವಾರ ಏನು ಆಗ್ತದೆ?' ಎಂದು ಆ ಹುಡುಗ ಕೇಳಿದ. ನಿನ್ನ ಹೆಸರಿಟ್ಟುಕೊಂಡವನು ನನ್ನ ಮುಂದೆ ನಿಂತು, ನೀನು ಏನು ಮಾಡುತ್ತೀಯ ಎಂದು ನನ್ನನ್ನು ಕೇಳುತ್ತಿದ್ದಾನೆ. ನಾನು ಏನೂ ಆಗುವುದಿಲ್ಲ ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನೀನೇ ತೀರ್ಮಾನ ಮಾಡಬೇಕು.

ನಾನು ನಿನಗೆ ರಾಜಕೀಯ ಹೇಳಿಕೊಡುವಷ್ಟು ತಿಳಿದವಳಲ್ಲ. ಬರುವ ಪಂಚಾಯ್ತಿಗೆ ನಿನಗೇ ಟಿಕೆಟ್ಟು ಎಂದು ಊರೆಲ್ಲ ಹೇಳುತ್ತಾರೆ. ಲೈನಿನಲ್ಲಿ ಹುಟ್ಟಿದವನು ಮೆಂಬರಾದರೆ ನನಗೆ ಹೆಮ್ಮೆಯಲ್ಲವೇ? ಆ ಟಿಕೆಟ್ಟಿನ ಮೇಲೆ ಬಸವಯ್ಯನಿಗೂ ಕಣ್ಣಿದೆ ಎನ್ನುತ್ತಾರೆ, ಅದು ನಿನಗೆ ತಿಳಿದಿರಲಿ. ಸಂಬಳಕ್ಕೆ ಜಗಳವಾಡು, ಜಗದಾಂಬನಿಗೆ ಆರು ದಿನ ಕೆಲಸ ಕೊಡಿಸು, ಸಾಹುಕಾರರ ಬಂಗಲೆಯ ಮುಂದೆ ಧರಣಿ ಕೂರು, ನನ್ನ ಮಂಡಿ ಹೇಗಿದ್ದರೂ ಸರಿ ನಾನೂ ಬಂದು ಕೂರುತ್ತೇನೆ. ಆದರೆ ಹಾಜರಿ ಪುಸ್ತಕ ಓದಿಸಬೇಡ. ಆ ಪುಸ್ತಕ ಒಬ್ಬರಿಗೂ ಒಳ್ಳೆಯದು ಮಾಡುವುದಿಲ್ಲ. ಅಮ್ಮ ಇದುವರೆಗೆ ನಿನ್ನನ್ನು ಏನೂ ಕೇಳಿಲ್ಲ, ಸೀರೆ ತರಬೇಡ ಎಂದೇ ಬೈದಿದ್ದೇನೆ. ಇದೊಂದನ್ನು ಕೇಳುತ್ತಿದ್ದೇನೆ.

ಮಂಜುಶ್ರೀಯ ತಾಯಿಗೆ ನಾನು ಕೇಳಿದೆನೆಂದು ಹೇಳು. ಗಗನಾಳ ಕೆನ್ನೆಗೆ ಅಜ್ಜಿಯ ಮುತ್ತು. ದೇವರು ನಿನ್ನ ಬುದ್ಧಿಯನ್ನೂ ಗಂಟಲನ್ನೂ ನೆಟ್ಟಗಿಟ್ಟಿರಲಿ.

ಇಂತಿ,
ನಿನ್ನ ಹೆತ್ತವಳು
ಸುಮಿತ್ರಮ್ಮ

ವಿ.ಸೂ: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಬಸ್ಸು ಬರುವ ಹೊತ್ತಾಯಿತು, ಕಂಡಕ್ಟರ್ ಕೈಯಲ್ಲಿ ಕೊಡಬೇಕು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಚಿಲಕ ಹಾಕುವಾಗ ನೋಡಿದೆ. ನಮ್ಮ ಬಾಗಿಲ ಮೇಲೂ ಸುಣ್ಣದ ಗೀಟು ಎಳೆದಿದ್ದಾರೆ. ಇನ್ನೂ ಒಣಗಿಲ್ಲ, ಬೆರಳಿಗೆ ಅಂಟಿತು. ಬಸವಯ್ಯ ನಿನ್ನೆ ಸಂಜೆ ಸ್ಟೋರಿನಿಂದ ಈ ವರ್ಷದ ಪುಸ್ತಕದ ಜೊತೆಗೆ ಹಳೆಯವನ್ನೂ ಮನೆಗೆ ಹೊತ್ತುಕೊಂಡು ಹೋದ, ನಿಮ್ಮಪ್ಪ ಕೆಲಸಕ್ಕೆ ಸೇರಿದ ಎಪ್ಪತ್ತನೇ ಇಸವಿಯದೂ ಅದರಲ್ಲಿದೆ. ಹೋಗುವಾಗ 'ಸುಮಿತ್ರಕ್ಕ, ಸೋಮಯ್ಯಣ್ಣನ ಸ್ವಂತ ಊರು ಯಾವ್ದು?' ಎಂದು ಕೇಳಿದ. ಕೊಳ್ಳೇಗಾಲದ ಕಡೆ ಎಂದೆ, ಯಾವಾಗಲೂ ಹೇಳುವ ಹಾಗೆ. ಅವನು ನಕ್ಕು 'ಹೌದಾ' ಎಂದು ಹೋದ. ಭಾನುವಾರ ಜನರ ಮುಂದೆ ಕೇಳುವ ಬದಲು ನನ್ನಿಂದಲೇ ತಿಳಿದುಕೋ. ಸೋಮಯ್ಯ ಎನ್ನುವವನು ಬೇರೆ ಯಾರೋ, ಕೆಲಸ ಬಿಟ್ಟುಹೋದವನು. ನಿಮ್ಮಪ್ಪ ಅವನ ಬದಲಿ. ಸಿಲೋನಿನ ಟೀ ತೋಟದಲ್ಲಿ ಹುಟ್ಟಿದವರು. ಅಲ್ಲಿಯವರು ನೀನು ಇಂಡಿಯಾದವನು ಎಂದು ಹಡಗು ಹತ್ತಿಸಿದರು, ಇಲ್ಲಿ ಇಳಿದರೆ ನೀನು ಸಿಲೋನಿನವನು ಎಂದರು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಬಿಸಿಲೆ ಘಾಟಿ ಹತ್ತಿಕೊಂಡು ಬಂದಿದ್ದರು. ನನಗೆ ಹೇಳಿದ್ದು ಮದುವೆಯಾಗಿ ಮೂರನೇ ವರ್ಷ, ನೀನು ಹೊಟ್ಟೆಯಲ್ಲಿದ್ದಾಗ, ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡರು. ಇವತ್ತೇ ಬಾ, ಒಬ್ಬನೇ ಬಾ. ಅವರ ಕಿವಿಗೆ ಏನೂ ಆಗಿರಲಿಲ್ಲ ಮಗಾ. ಗಂಡನ ಹೆಸರು ಹಿಡಿದು ಕರೆಯಬಾರದು ಎನ್ನುತ್ತಾರೆ, ಆದರೂ ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಒಂದೇ ಒಂದು ಸಲ ನಾನು ಅವರ ಹುಟ್ಟುಹೆಸರಿನಿಂದ ಮೆಲ್ಲಗೆ 'ಅಯ್ಯಾವು' ಎಂದಿದ್ದೆ. ಅಂಗಳದಾಚೆ ಸೌದೆ ಒಡೆಯುತ್ತಿದ್ದವರು ತಟ್ಟನೆ ತಿರುಗಿದರು.